ಸಾವಿರ ಕಿಲೋಮೀಟರ್ ಟಾರು, ನಲವತ್ತು ಕಿಲೋಮೀಟರ್ ಕಲ್ಲು

ಮಾರ್ಚ್ ಬಂತೆಂದರೆ ಪೇರ್ಲ್ಯಾಂಡಿನ ಟೈರ್ ಅಂಗಡಿಗಳಿಗೆ ಸುಗ್ಗಿ. ಮಕ್ಕಳಿಗೆ ಸ್ಪ್ರಿಂಗ್ ಬ್ರೇಕ್ ರಜೆ ಸಿಕ್ಕಿರುತ್ತದೆ, ಹ್ಯೂಸ್ಟನ್ನಿನ ಸೆಕೆ ಇನ್ನೂ ಹೆಗಲೇರಿರುವುದಿಲ್ಲ. ಬ್ರಾಡ್‌ವೇ ರಸ್ತೆಯುದ್ದಕ್ಕೂ ಶನಿವಾರ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಗಾಡಿಗಳು ಸಾಲುಗಟ್ಟುತ್ತವೆ. ಒಳಗೆ ನಾಲ್ಕು ಗಾಡಿಗಳು ಜ್ಯಾಕಿನ ಮೇಲೆ. ನಟ್ಟು ಬಿಚ್ಚುವ ಗನ್ನಿನ ಗರ್ ಗರ್ ಸದ್ದು, ರಿಮ್ಮಿಗೆ ಟೈರು ಕೂರುವಾಗ ‘ಠಪ್’ ಎಂದು ಬರುವ ಹೊಡೆತ, ಇವುಗಳ ಮೇಲೆ ಹೊಸ ರಬ್ಬರಿನ ಕಮಟು ವಾಸನೆ. ಮೈಸೂರಿನ ಮೇಟಗಳ್ಳಿಯ ಕಡೆ ಬೆಳೆದವರಿಗೆ ಈ ವಾಸನೆ ಹೊಸತಲ್ಲ. ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆ.ಕೆ. ಟೈರ್ ಕೈಗೆ ಹೋಗುವ ಮುಂಚಿನಿಂದಲೂ ಆ ಗಾಳಿಯಲ್ಲಿ ರಬ್ಬರು ಇತ್ತು.

ನಮ್ಮ ಗೆಳತಿ ಅಲ್ಲಿಯವರೇ. ಟೆಕ್ಸಸ್ ಮೆಡಿಕಲ್ ಸೆಂಟರಿನಲ್ಲಿ ನರ್ಸ್. ದಿನವೂ 288ನೇ ಹೆದ್ದಾರಿ ಹಿಡಿದು ಆಸ್ಪತ್ರೆಗೆ ಹೋಗಿಬರುವ ಗಾಡಿ ಅವರದು, ಟೊಯೋಟಾ ಫೋರ್‌ರನ್ನರ್. ಅವರ ಯಜಮಾನರು ಹಾಸನದ ಕಡೆಯವರು, ತೈಲ ಕಂಪನಿಯೊಂದರಲ್ಲಿ ಎಂಜಿನಿಯರ್. ಈ ಸಲ ನಾವೆಲ್ಲ ಹೊರಟಿದ್ದು ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನಕ್ಕೆ. ಟೆಕ್ಸಸ್ಸಿನ ಪಶ್ಚಿಮದ ಕೊನೆಯಲ್ಲಿ, ರಿಯೋ ಗ್ರಾಂಡೆ ನದಿ ಮೊಣಕೈಯಂತೆ ಬಾಗುವ ಜಾಗದಲ್ಲಿ, 1944ರಲ್ಲಿ ಆದ ಉದ್ಯಾನ ಅದು. ಎಂಟು ಲಕ್ಷ ಎಕರೆ ಬಂಜರು, ಬೆಟ್ಟ, ಕಮರಿ.

ಹೊರಡುವ ಮೊದಲು ಹೊಸ ಟೈರು ಹಾಕಿಸಲೆಂದು ಹೊಕ್ಕ ಅಂಗಡಿಯ ಗೋಡೆಗೆ ಒರಗಿಸಿದ್ದ ಮಾದರಿಗಳನ್ನು ಮುಟ್ಟಿ ನೋಡಿದರೆ ಅರ್ಧ ವಿಷಯ ಬೆರಳಿಗೇ ತಿಳಿಯುತ್ತದೆ. ಹೆದ್ದಾರಿ ಟೈರಿನ ಮೈ ಹೆಚ್ಚೂ ಕಡಿಮೆ ನುಣುಪು. ಉದ್ದಕ್ಕೆ ನಾಲ್ಕು ತೋಡು, ಅವುಗಳ ನಡುವೆ ಬ್ಲೇಡಿನಲ್ಲಿ ಕೊಯ್ದಂಥ ಸಣ್ಣ ಸೀಳುಗಳು. ಮಡ್ ಟೆರೇನ್ ಅದಕ್ಕೆ ತೀರಾ ವಿರುದ್ಧ: ಹೆಬ್ಬೆರಳಿಗಿಂತ ದಪ್ಪ ಗುಬುಟುಗಳು, ನಡುನಡುವೆ ಎರಡು ಬೆರಳು ಇಳಿಯುವಷ್ಟು ತೆರವು. ಕೆಸರು ತುಂಬಿಕೊಂಡರೂ ಚಕ್ರ ತಿರುಗಿದಾಗ ಉದುರಿ ಹೋಗಲೆಂದು ಆ ತೆರವು. ಇವೆರಡರ ನಡುವಿನದು ಆಲ್ ಟೆರೇನ್. ಗುಬುಟುಗಳಿವೆ, ಆದರೆ ಒತ್ತೊತ್ತಾಗಿ, ಒಂದಕ್ಕೊಂದು ಹೆಣೆದುಕೊಂಡು. ಪ್ರತಿ ಗುಬುಟಿನ ಮೇಲೂ ಸೀಳು. ಬಿಎಫ್ ಗುಡ್‌ರಿಚ್ ಕಂಪನಿ 1976ರಲ್ಲಿ ಆಲ್ ಟೆರೇನ್ ಹೆಸರಿನ ಟೈರನ್ನು ಮಾರುಕಟ್ಟೆಗೆ ತಂದಿತು. ಈಗ ಎಲ್ಲ ಕಂಪನಿಗಳದೂ ಒಂದೊಂದಿದೆ.

ಯಜಮಾನರ ಕಣ್ಣು ಮಡ್ ಟೆರೇನ್ ಮೇಲೆ. “ಕಲ್ಲಿನ ದಾರಿ ಕಣೇ, ಇದೇ ಗಟ್ಟಿ” ಎಂದರು. ಗೆಳತಿ ಟೈರಿನ ಪಕ್ಕೆಯ ಮೇಲಿನ ಅಕ್ಷರ ಓದುತ್ತ ಕುಕ್ಕರುಗಾಲಲ್ಲಿ ಕೂತಿದ್ದರು. “ಕಲ್ಲು ಎಷ್ಟು ದೂರ ರೀ? ಇಪ್ಪತ್ತಾರು ಮೈಲಿ. ಅಲ್ಲಿವರೆಗಿನ ಟಾರು ಆರುನೂರು ಮೈಲಿ. ಬಂದ ಮೇಲೆ ವರ್ಷಾನುಗಟ್ಟಲೆ ಮಳೇಲಿ 288ರ ಮೇಲೆ ಓಡಿಸೋಳು ನಾನು.”

ಮಾತು ಅಲ್ಲಿಗೆ ಮುಗಿಯಬೇಕಾದದ್ದೇ. ಹ್ಯೂಸ್ಟನ್ನಿನ ಮಳೆ ಕಂಡವರು ಅದನ್ನು ಒಪ್ಪುತ್ತಾರೆ. ವರ್ಷಕ್ಕೆ ಸುಮಾರು ಐವತ್ತು ಇಂಚು ಮಳೆ, ಅದೂ ಗಂಟೆಯೊಳಗೆ ಸುರಿದು ರಸ್ತೆಯನ್ನು ಕೆರೆ ಮಾಡುವ ಬಗೆಯದು. ಒದ್ದೆ ಕಾಂಕ್ರೀಟಿನ ಮೇಲೆ ಬ್ರೇಕು ಹಿಡಿಯುವುದು ರಬ್ಬರಿನ ಅಂಚುಗಳು, ಆ ಸಣ್ಣ ಸೀಳುಗಳು. ದೊಡ್ಡ ಗುಬುಟಿನ ಟೈರಿನಲ್ಲಿ ನೆಲಕ್ಕೆ ತಾಗುವ ರಬ್ಬರೂ ಕಡಿಮೆ, ಸೀಳೂ ಕಡಿಮೆ. ಸದ್ದು ಬೇರೆ. ಟೈರನ್ನು ನಾವು ಆರಿಸುವುದು ಪ್ರವಾಸದ ಫೋಟೋ ನೆನೆದುಕೊಂಡು; ಅದು ಸವೆಯುವುದು ಮಾತ್ರ ಟಾರಿನ ಮೇಲೆ. ಆದ್ದರಿಂದ ಮೊದಲು ಟಾರಿಗೆ ಒಪ್ಪುವ ಟೈರು, ಆಮೇಲೆ ಕಲ್ಲಿಗೆ ತಡೆಯುವ ಪಕ್ಕೆ ಎಂಬ ಕ್ರಮವೇ ಸರಿಯೆಂದು ನನ್ನ ಗಟ್ಟಿ ನಂಬಿಕೆ.

ಪಕ್ಕೆಯ ಮೇಲೆ ಎಲ್ಲವೂ ಬರೆದಿರುತ್ತದೆ. ಗೆಳತಿ ಬೆರಳಿಟ್ಟ ಟೈರಿನ ಮೇಲೆ ‘ಎಲ್‌ಟಿ 265/70 ಆರ್ 17’ ಎಂದಿತ್ತು, ಮುಂದೆ ‘121/118 ಎಸ್’. 265 ಮಿಲಿಮೀಟರು ಅಗಲ. ಆ ಅಗಲದ ನೂರಕ್ಕೆ ಎಪ್ಪತ್ತರಷ್ಟು ಎತ್ತರದ ಪಕ್ಕೆ. 17 ಇಂಚಿನ ರಿಮ್ಮು. 121 ಎಂದರೆ ಪೂರ್ತಿ ಗಾಳಿ ತುಂಬಿದಾಗ ಒಂದು ಟೈರು 1,450 ಕಿಲೋ ಹೊರಬಲ್ಲದು. ಎಸ್ ಎಂದರೆ ಗಂಟೆಗೆ 180 ಕಿಲೋಮೀಟರ್‌ವರೆಗಿನ ವೇಗ. ಪಕ್ಕದ ಮಡ್ ಟೆರೇನಿನ ಮೇಲೆ ಕ್ಯೂ ಇತ್ತು, ಅದು 160. ಎಲ್‌ಟಿ ಲಘು ಟ್ರಕ್ಕಿನ ಗುರುತು. ಅದರಲ್ಲೂ ದರ್ಜೆಗಳಿವೆ: ಸಿ ದರ್ಜೆಗೆ 50 ಪಾಯಿಂಟ್‌ವರೆಗೆ ಗಾಳಿ, ಡಿಗೆ 65, ಇ ದರ್ಜೆಗೆ 80.

ಅಂಗಡಿಯವರು ಇ ದರ್ಜೆಯನ್ನೇ ಮುಂದಿಟ್ಟರು. ಗಟ್ಟಿ ನಿಜ. ಆದರೆ ಈ ಗಾಡಿ ತುಂಬಿದ ಹೊರೆಯೊಂದಿಗೆ ತೂಗುವುದು 2,850 ಕಿಲೋದ ಆಸುಪಾಸು. ನಾಲ್ಕು ಇ ಟೈರುಗಳ ತಾಕತ್ತು ಅದರ ದುಪ್ಪಟ್ಟು. ಬೇಡದ ಗಟ್ಟಿತನ ಸುಮ್ಮನೆ ಸಿಗುವುದಿಲ್ಲ: ಟೈರು ಭಾರ, ಸವಾರಿ ಬಿರುಸು, ಪೆಟ್ರೋಲು ಹೆಚ್ಚು. ಅದೇ ಅಳತೆಯ ಸಿ ದರ್ಜೆಯ ಟೈರಿನ ಗುರುತು 112, ಅಂದರೆ 1,120 ಕಿಲೋ. ನಾಲ್ಕಕ್ಕೆ 4,480. ಬೇಕಾದಷ್ಟಾಯಿತು. ಗೆಳತಿ ಡ್ರೈವರ್ ಬಾಗಿಲಿನ ಕಂಬದ ಮೇಲಿನ ಚೀಟಿ ಓದಿ, ಕ್ಯಾನುಗಳ ನೀರು, ಟೆಂಟು, ನಮ್ಮೆಲ್ಲರ ತೂಕ ಕೂಡಿಸಿ, ಮೂರು ಪದರದ ಪಕ್ಕೆಯುಳ್ಳ ಸಿ ದರ್ಜೆಯ ಆಲ್ ಟೆರೇನ್ ಆರಿಸಿದರು. ಕೊಂಡದ್ದು ನಾಲ್ಕಲ್ಲ, ಐದು. ಗಾಡಿಯ ಹೊಟ್ಟೆಯಡಿ ನೇತಾಡುತ್ತಿದ್ದ ಸ್ಟೆಪ್ನಿಯನ್ನು ಅಂಗಡಿಯ ಹುಡುಗ ಇಳಿಸಿದಾಗ ಅದರ ಪಕ್ಕೆಯ ಮೇಲೆ ಪುಟ್ಟ ಚೌಕಟ್ಟಿನಲ್ಲಿ 3414 ಎಂದಿತ್ತು. 2014ರ ಮೂವತ್ತನಾಲ್ಕನೇ ವಾರದ ಸರಕು. ನೆಲ ಮುಟ್ಟದೆ ಇದ್ದದ್ದಕ್ಕೆ ಗುಬುಟು ಹೊಸತರಂತೆಯೇ. ಆದರೆ ಉಗುರಿನಿಂದ ಮಡಿಸಿ ನೋಡಿದರೆ ಪಕ್ಕೆಯಲ್ಲಿ ಕೂದಲೆಳೆಯ ಬಿರುಕು. ರಬ್ಬರು ಓಡದಿದ್ದರೂ ಮುಪ್ಪಾಗುತ್ತದೆ. ಆರು ವರ್ಷ ದಾಟಿದ ಟೈರು ಬದಲಿಸಿ ಎಂದು ಹಲವು ಕಾರು ಕಂಪನಿಗಳೇ ಹೇಳುತ್ತವೆ.

ಗಾಳಿಯ ವಿಷಯದಲ್ಲಿ ಹ್ಯೂಸ್ಟನ್ನಿಗೆ ತನ್ನದೇ ಒಂದು ಕಹಿ ಚರಿತ್ರೆಯಿದೆ. 2000ರ ಫೆಬ್ರವರಿಯಲ್ಲಿ ಇಲ್ಲಿನ ಕೆಎಚ್‌ಒಯು ಟಿವಿ ವಾಹಿನಿಯ ವರದಿಗಾರ್ತಿ ಆನಾ ವರ್ನರ್ ಒಂದು ತನಿಖಾ ವರದಿ ಪ್ರಸಾರ ಮಾಡಿದರು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಫೈರ್‌ಸ್ಟೋನ್ ಟೈರುಗಳ ಮೇಲ್ಮೈ, ವೇಗದಲ್ಲಿ ಓಡುತ್ತಿರುವಾಗಲೇ ಕಿತ್ತುಬಂದು ಗಾಡಿಗಳು ಪಲ್ಟಿಯಾಗುತ್ತಿದ್ದವು. ಊರೂರಿನಿಂದ ಅದೇ ಬಗೆಯ ದೂರುಗಳು ಹೊರಬಿದ್ದವು. ಅದೇ ಆಗಸ್ಟ್ 9ರಂದು ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಯಿತು. ಅವುಗಳಲ್ಲಿ ಒಂದು ಮಾದರಿಯ ಹೆಸರು ವೈಲ್ಡರ್‌ನೆಸ್ ಎಟಿ. ಕಾಡಿನ ಹೆಸರು ಹೊತ್ತ ಆ ಟೈರುಗಳು ಸತ್ತದ್ದು ಬಿಸಿ ಹೆದ್ದಾರಿಗಳ ಮೇಲೆ. ಅಮೆರಿಕದಲ್ಲಿ 271 ಸಾವುಗಳು ಆ ಟೈರುಗಳೊಂದಿಗೆ ತಳುಕು ಹಾಕಿಕೊಂಡವು. ಮೊದಲು ಬದಲಿಸಿಕೊಟ್ಟ ರಾಜ್ಯಗಳಲ್ಲಿ ಟೆಕ್ಸಸ್ಸೂ ಒಂದು, ಏಕೆಂದರೆ ಸೆಕೆಯ ನಾಡುಗಳಲ್ಲೇ ಹೆಚ್ಚು ಅಪಘಾತ.

ಟೈರಿನ ತಯಾರಿಕೆಯಲ್ಲೇ ದೋಷವಿತ್ತು. ಅದರ ಜೊತೆಗೆ ಗಾಳಿಯ ಜಗಳವೂ ಇತ್ತು: ಫೋರ್ಡ್ 26 ಪಾಯಿಂಟ್ ಸಾಕೆಂದಿತ್ತು, ಫೈರ್‌ಸ್ಟೋನ್ ಆಮೇಲೆ 30 ಬೇಕೆಂದಿತು. ಗಾಳಿ ಕಡಿಮೆಯಾದಷ್ಟೂ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ. ಮಡಚಿದಷ್ಟೂ ಒಳಗೆ ಕಾವು. ಕಾವೇರಿದಂತೆ ಉಕ್ಕಿನ ಬೆಲ್ಟು ಹಿಡಿದ ರಬ್ಬರಿನ ಪಟ್ಟು ಸಡಿಲ. ಅದೇ ವರ್ಷ ನವೆಂಬರಿನಲ್ಲಿ ಬಂದ ಕಾನೂನಿನಿಂದಾಗಿ, 2007ರ ಸೆಪ್ಟೆಂಬರಿನ ನಂತರ ಇಲ್ಲಿ ಮಾರುವ ಎಲ್ಲ ಹೊಸ ಕಾರುಗಳಲ್ಲೂ ಗಾಳಿ ಇಳಿದರೆ ಎಚ್ಚರಿಸುವ ದೀಪ ಕಡ್ಡಾಯವಾಯಿತು.

ಆ ದೀಪವನ್ನೇ ನಂಬಿ ಕೂರಬಾರದು. ಕಂಪನಿ ಹೇಳಿದ ಗಾಳಿಗಿಂತ ನೂರಕ್ಕೆ ಇಪ್ಪತ್ತೈದು ಇಳಿಯುವ ಹೊತ್ತಿಗೆ ಅದು ಹೊತ್ತಿಕೊಂಡರೆ ಸಾಕೆಂದು ನಿಯಮ. 32 ಹೇಳಿದ್ದರೆ 24ಕ್ಕೆ. ಇನ್ನೊಂದು ಸೂಕ್ಷ್ಮವಿದೆ. ಅದೇ ಭಾರ ಹೊರಲು ಎಲ್‌ಟಿ ಟೈರಿಗೆ ಮಾಮೂಲಿ ಕಾರು ಟೈರಿಗಿಂತ ಹೆಚ್ಚು ಗಾಳಿ ಬೇಕು. ಬಾಗಿಲ ಚೀಟಿಯ 32 ಹಳೆಯ ಟೈರಿಗೆ ಬರೆದದ್ದು. ಹೊಸ ಟೈರಿಗೆ ಅಷ್ಟೇ ತುಂಬಿ ಹೊರಟರೆ ದೀಪ ತೆಪ್ಪಗಿರುತ್ತದೆ, ಟೈರು ಒಳಗೊಳಗೇ ಕಾಯುತ್ತದೆ. ಅಂಗಡಿಯವರು ಭಾರದ ಪಟ್ಟಿ ತೆಗೆದು ನೋಡಿ 40 ಎಂದರು.

ಐ-10 ಹೆದ್ದಾರಿ ಹಿಡಿದು ಸ್ಯಾನ್ ಆಂಟೋನಿಯೋ ದಾಟಿದ ಮೇಲೆ ನೆಲದ ಹಸಿರು ಬತ್ತುತ್ತ ಬರುತ್ತದೆ. ಕರ್‌ವಿಲ್, ಜಂಕ್ಷನ್, ಸೊನೋರಾ, ಒಜೋನಾ. ಇಲ್ಲಿ ವೇಗದ ಮಿತಿ ಗಂಟೆಗೆ 80 ಮೈಲಿ. ಸುಣ್ಣದ ಕಲ್ಲಿನ ಗುಡ್ಡ ಸೀಳಿ ಹಾಕಿದ ರಸ್ತೆಯ ಅಂಚಿನಲ್ಲಿ ಲಾರಿ ಟೈರುಗಳ ಕಿತ್ತ ಪಟ್ಟಿಗಳು, ಒಳಗಿನ ತಂತಿ ಹೊರಚಾಚಿಕೊಂಡು ಬಿದ್ದಿದ್ದವು. ಪೆಟ್ರೋಲಿಗೆ ನಿಂತಲ್ಲೆಲ್ಲ ಗೆಳತಿ ಒಂದು ಸುತ್ತು ಬಂದು ನಾಲ್ಕೂ ಟೈರಿನ ಮೇಲೆ ಅಂಗೈ ಊರುತ್ತಿದ್ದರು. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅದರಲ್ಲಿ ಗಾಳಿ ಇಳಿದಿದೆ ಎಂದು ಅರ್ಥ. ಓಡಿದ ಟೈರಿನಲ್ಲಿ ಗಾಳಿ ನಾಲ್ಕೈದು ಪಾಯಿಂಟ್ ಏರಿ 45 ತೋರಿಸಿತು. ಏರಿದೆಯೆಂದು ಬಿಡಬಾರದು, ಅಳೆಯಬೇಕಾದದ್ದು ಬೆಳಗ್ಗೆ, ಟೈರು ತಣ್ಣಗಿದ್ದಾಗ. ಫೋರ್ಟ್ ಸ್ಟಾಕ್‌ಟನ್‌ನಲ್ಲಿ ಹೆದ್ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಿ, ಮ್ಯಾರಥಾನ್ ಊರಿನಲ್ಲಿ ಟ್ಯಾಂಕು ತುಂಬಿಸಿಕೊಂಡೆವು.

ಉದ್ಯಾನದೊಳಗಿನ ಆ ಇಪ್ಪತ್ತಾರು ಮೈಲಿ ಕಲ್ಲಿನ ದಾರಿಯ ಹೆಸರು ಓಲ್ಡ್ ಓರ್ ರೋಡ್, ಒಂದು ಕಾಲಕ್ಕೆ ಅದಿರಿನ ದಾರಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ನದಿಯಾಚೆ ಮೆಕ್ಸಿಕೋದ ಗಣಿಗಳ ಅದಿರನ್ನು ಹೇಸರಗತ್ತೆಗಳ ಮೇಲೆ ಹೇರಿ ಮ್ಯಾರಥಾನಿನ ರೈಲಿಗೆ ಮುಟ್ಟಿಸುತ್ತಿದ್ದರು. ಎಡಕ್ಕೆ ಡೆಡ್ ಹಾರ್ಸ್ ಬೆಟ್ಟಸಾಲು ಸುಟ್ಟ ಇಟ್ಟಿಗೆಯ ಬಣ್ಣದಲ್ಲಿ ನಿಂತಿರುತ್ತದೆ, ಬಲಕ್ಕೆ ದೂರದಲ್ಲಿ ಚಿಸೋಸ್ ಶಿಖರಗಳು ನೀಲಿ. ದಾರಿಯ ಬಾಯಲ್ಲಿ ಇಳಿದು ವಾಲ್ವ್ ಒತ್ತಿ ಗಾಳಿ ಬಿಟ್ಟೆವು. ಸುಯ್ಯೆನ್ನುತ್ತ 25ಕ್ಕೆ ಇಳಿಯುತ್ತಿದ್ದಂತೆ ಟೈರಿನ ಪಾದ ಉದ್ದವಾಗಿ ನೆಲಕ್ಕೆ ಹರಡಿಕೊಂಡಿತು. ಈಗ ಅದು ಕಲ್ಲಿನ ಮೇಲೆ ಎಗರುವುದಿಲ್ಲ, ಕಲ್ಲನ್ನು ತಬ್ಬಿ ದಾಟುತ್ತದೆ. ವೇಗ ಹತ್ತು ಮೈಲಿ ಮೀರದಿದ್ದರೆ ಕಾವೂ ಏರದು.

ಈ ದಾರಿಯಲ್ಲಿ ಟೈರಿಗೆ ಶತ್ರುಗಳು ಎರಡು. ಒಂದು ಸುಣ್ಣದ ಕಲ್ಲಿನ ಹರಿತ ಅಂಚು. ಇನ್ನೊಂದು ಲೆಚುಗಿಯಾ ಎಂಬ ಗಿಡ. ನಮ್ಮ ಬೇಲಿ ಕತ್ತಾಳೆಯ ಕುಲದ್ದೇ. ಮೊಣಕಾಲೆತ್ತರಕ್ಕೆ ಗೊಂಚಲುಗೊಂಚಲಾಗಿ ದಾರಿಯ ಎರಡೂ ಅಂಚಿಗೆ ಬೆಳೆಯುತ್ತದೆ. ಎಲೆಯ ತುದಿಯ ಮುಳ್ಳು ಕುದುರೆಯ ಕಾಲನ್ನೂ ಚುಚ್ಚುತ್ತದೆ, ಟೈರಿನ ಪಕ್ಕೆಯನ್ನೂ. ಟ್ರೆಡ್ಡಿನಲ್ಲಿ ಆದ ತೂತಿಗೆ ದಾರಿಯಲ್ಲೇ ಪ್ಲಗ್ಗು ತುರುಕಬಹುದು; ಪಕ್ಕೆ ಹರಿದರೆ ರಿಪೇರಿಯಿಲ್ಲ, ಸ್ಟೆಪ್ನಿಯೇ ಗತಿ. ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಎದುರಿನ ಗಾಡಿಗೆ ದಾರಿ ಬಿಡಲು ಯಜಮಾನರು ಅಂಚಿಗೆ ಸರಿಯಲು ಹೋದಾಗ ಗೆಳತಿ ಇಳಿದು ಮುಂದೆ ನಡೆದರು, ಕತ್ತಾಳೆ ಇಲ್ಲದ ಜಾಗ ನೋಡಿ ಕೈಯಲ್ಲಿ ತೋರಿಸಿದರು. ಅರ್ನ್ಸ್ಟ್ ಟಿನಾಹಾ ಎಂಬ ಕಲ್ಲುದೊಣೆಯ ಆಸುಪಾಸು ದಾರಿ ಮೆಟ್ಟಿಲುಮೆಟ್ಟಿಲಾಗಿ ಕೊರೆದಿತ್ತು. ಟೈರು ಒಂದೊಂದು ಅಂಚಿನ ಮೇಲೆ ಉಬ್ಬಿ, ಮಡಚಿ, ಹಿಡಿದು, ಮೆಲ್ಲಗೆ ಇಳಿಯುವುದನ್ನು ಹೊರಗೆ ನಡೆಯುತ್ತ ನೋಡಿದೆ. ಇಷ್ಟು ಕೆಲಸಕ್ಕೆ ಮಡ್ ಟೆರೇನ್ ಏನೂ ಬೇಕಿರಲಿಲ್ಲ.

ದಕ್ಷಿಣದ ತುದಿಯಲ್ಲಿ ರಿಯೋ ಗ್ರಾಂಡೆ ವಿಲೇಜ್ ಕಡೆಯ ಟಾರು ಸಿಕ್ಕಿತು. ಮಾರ್ಚಿನಲ್ಲೇ ನದಿಯ ಬದಿಯ ಬಿಸಿಲು ಚುರುಗುಟ್ಟುತ್ತಿತ್ತು. “ಪ್ಯಾಂಥರ್ ಜಂಕ್ಷನ್ ಇನ್ನಿಪ್ಪತ್ತು ಮೈಲಿ ತಾನೆ, ನಲವತ್ತೈದರ ಮಿತಿ. ಅಲ್ಲೇ ಹೋಗಿ ಗಾಳಿ ಹಾಕ್ಕೊಂಡ್ರಾಯ್ತು” ಎಂದರು ಯಜಮಾನರು. ಮಕ್ಕಳಿಗೂ ಹಸಿವಾಗಿತ್ತು.

“ಬೇಡ ರೀ. ಇಪ್ಪತ್ತೈದರಲ್ಲಿ ಇಷ್ಟು ಭಾರ ಇಟ್ಕೊಂಡು ಬಿಸಿ ಟಾರಿನ ಮೇಲೆ ಓಡಿಸೋದಿಲ್ಲ ನಾನು” ಎಂದು ಗೆಳತಿ ಬಾನೆಟ್ ಎತ್ತಿ, ಪುಟ್ಟ ಕಂಪ್ರೆಸರಿನ ಕ್ಲಿಪ್ಪುಗಳನ್ನು ಬ್ಯಾಟರಿಗೆ ಕಚ್ಚಿಸಿದರು. ಒಂದೊಂದು ಟೈರಿಗೂ ಐದಾರು ನಿಮಿಷ. ಮೂರನೆಯದರ ಹೊತ್ತಿಗೆ ಕಂಪ್ರೆಸರೇ ಕಾದು ಹೋಗಿ, ಅದನ್ನು ನೆರಳಿಗಿಟ್ಟು ಕಾಯಬೇಕಾಯಿತು. ಯಜಮಾನರು ಮಕ್ಕಳಿಗೆ ಡಬ್ಬಿಯ ಚಪಾತಿ, ಚಟ್ನಿಪುಡಿ ಹಂಚಿದರು. ನಾಲ್ಕೂ ಟೈರಿಗೆ 40 ತುಂಬಿ, ಟೈರು ಬಿಸಿಯಿದೆಯೆಂದು ಮೇಲೆ ಎರಡು ಪಾಯಿಂಟ್ ಕೂಡಿಸಿ, ವಾಲ್ವಿನ ಮುಚ್ಚಳ ಬಿಗಿದು ಹೊರಟೆವು.