ಮರುಕಳಿಸುವ ಅಂಡಾಶಯದ ಕ್ಯಾನ್ಸರ್: ಎರಡು ಕೀಮೋಗಳ ನಡುವಿನ ಬದುಕು

ಅಂಡಾಶಯದ ಕ್ಯಾನ್ಸರ್ ಬಹುಪಾಲು ಹೆಂಗಸರಲ್ಲಿ ಪತ್ತೆಯಾಗುವುದೇ ಹೊಟ್ಟೆಯೊಳಗೆಲ್ಲ ಹರಡಿದ ಮೇಲೆ. ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇವನ್ನೆಲ್ಲ ಗ್ಯಾಸ್ಟ್ರಿಕ್ ಎಂದುಕೊಂಡು ತಿಂಗಳುಗಳೇ ಕಳೆದಿರುತ್ತವೆ. ಶಸ್ತ್ರಚಿಕಿತ್ಸೆಯಾಗಿ, ಮೂರು ವಾರಕ್ಕೊಂದರಂತೆ ಆರು ಕೀಮೋ ಮುಗಿದು, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ, ಹೀಗೆ ತಡವಾಗಿ ಪತ್ತೆಯಾದ ಹತ್ತು ಮಂದಿಯಲ್ಲಿ ಏಳೆಂಟು ಮಂದಿಗೆ ಕಾಯಿಲೆ ಮರಳುತ್ತದೆ. ಗದ್ದೆಯಲ್ಲಿ ಕೊನ್ನಾರಿ ಕಿತ್ತರೂ ಮಣ್ಣೊಳಗಿನ ಗಡ್ಡೆ ಚಿಗುರುವಂತೆ, ಸ್ಕ್ಯಾನಿಗೆ ಸಿಗದ ಕೆಲವೇ ಜೀವಕೋಶಗಳು ಮತ್ತೆ ಬೆಳೆಯುತ್ತವೆ. ಪಥ್ಯ ಮುರಿದದ್ದರಿಂದ, ಹೊಲಕ್ಕೆ ಹೋದದ್ದರಿಂದ ಹೀಗಾಯಿತೆಂದು ಆ ಹೆಣ್ಣುಮಗಳನ್ನು ದೂರುವುದು ಅನ್ಯಾಯ.

ಮರಳಿದ ಕಾಯಿಲೆಗೆ ಯಾವ ಔಷಧ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೊನೆಯ ಪ್ಲಾಟಿನಂ ಕೀಮೋಗೂ ಕಾಯಿಲೆ ಮರಳುವುದಕ್ಕೂ ನಡುವಿನ ಅವಧಿ. ಈ ಕೀಮೋದ ಮೂಲ ಹೀಗಿದೆ. ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ 1965ರಲ್ಲಿ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮ ಪರೀಕ್ಷಿಸುತ್ತಿದ್ದಾಗ, ಪ್ಲಾಟಿನಂ ಸಂಯುಕ್ತಗಳು ಕೋಶ ವಿಭಜನೆಯನ್ನು ತಡೆಯುತ್ತವೆಂದು ಕಂಡರು. ಸಿಸ್ಪ್ಲಾಟಿನ್, ಕಾರ್ಬೊಪ್ಲಾಟಿನ್ ಬಂದದ್ದು ಆ ದಾರಿಯಲ್ಲಿ. ಇವು ಕ್ಯಾನ್ಸರ್ ಕೋಶದ ಡಿಎನ್ಎ ಎಳೆಗಳಿಗೆ ಅಂಟಿ ಕೋಶ ಒಡೆದು ಎರಡಾಗದಂತೆ ಮಾಡುತ್ತವೆ. ಕೊನೆಯ ಪ್ಲಾಟಿನಂ ಕೀಮೋ ಆಗಿ ಆರು ತಿಂಗಳು ಕಳೆದ ಮೇಲೆ ಕಾಯಿಲೆ ಮರಳಿದರೆ ಸಾಮಾನ್ಯವಾಗಿ ಅದೇ ಗುಂಪಿನ ಔಷಧ ಮತ್ತೆ ಕೆಲಸ ಮಾಡುತ್ತದೆ. ಅದಕ್ಕೂ ಮೊದಲೇ ಮರಳಿದರೆ ಬೇರೆ ಔಷಧಗಳತ್ತ ಹೊರಳಬೇಕಾಗುತ್ತದೆ. ಆದ್ದರಿಂದ ಫೈಲಿನಲ್ಲಿ ಕೊನೆಯ ಕೀಮೋದ ದಿನಾಂಕ ಇರಲೇಬೇಕು.

ಬಿಆರ್‌ಸಿಎ ಜೀನುಗಳಲ್ಲಿ ದೋಷವಿದ್ದರೆ ಕೋಶಕ್ಕೆ ಡಿಎನ್ಎ ರಿಪೇರಿಯ ಒಂದು ದಾರಿ ಮುಚ್ಚಿರುತ್ತದೆ. ಇನ್ನೊಂದನ್ನೂ ಮುಚ್ಚುವ ಒಲಪರಿಬ್‌ನಂಥ ಮಾತ್ರೆಗಳು 2014ರಿಂದ ಬಳಕೆಗೆ ಬಂದು, ಎರಡು ಚಿಕಿತ್ಸೆಗಳ ನಡುವಿನ ಬಿಡುವನ್ನು ಹಲವರಿಗೆ ಹಿಗ್ಗಿಸಿವೆ. ಈ ದೋಷ ಅಪ್ಪನಿಂದಲೂ ಬರಬಹುದು. ರೋಗಿಯಲ್ಲಿ ಅದು ಕಂಡುಬಂದರೆ ಅಕ್ಕತಂಗಿಯರು, ಮಕ್ಕಳೂ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಬಿಡುವಿನ ತಿಂಗಳುಗಳನ್ನು ಕಿತ್ತು ತಿನ್ನುವುದು ಕಾಯಿಲೆ ಮರಳುವ ಸುಳಿವು ನೋಡುವ ಸಿಎ-125 ರಕ್ತಪರೀಕ್ಷೆಯ ಸಂಖ್ಯೆಯ ಚಿಂತೆ. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 529 ಮಹಿಳೆಯರ ಅಧ್ಯಯನ ಇಲ್ಲಿ ದಾರಿ ತೋರುತ್ತದೆ. ಈ ಸಂಖ್ಯೆ ಏರಿತೆಂದ ಮಾತ್ರಕ್ಕೆ ಬೇಗ ಕೀಮೋ ಶುರುಮಾಡಿದವರು, ಲಕ್ಷಣ ಕಂಡ ಮೇಲೆ ಶುರುಮಾಡಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಕೀಮೋದ ಕಷ್ಟ ಮಾತ್ರ ಅವರಿಗೆ ಮೊದಲೇ ಬಂತು. ಸಂಖ್ಯೆ ಏರಿದರೆ ವೈದ್ಯರು ಸ್ಕ್ಯಾನ್ ಮಾಡಿಸಿ ನೋಡಬಹುದು, ಕೆಲವರಿಗೆ ಮತ್ತೊಂದು ಶಸ್ತ್ರಚಿಕಿತ್ಸೆಯೂ ಸಾಧ್ಯ. ಆದರೆ ರಿಪೋರ್ಟು ಕಂಡ ದಿನವೇ ಡ್ರಿಪ್ ಹಾಕಿಸಲೇಬೇಕೆಂಬ ಅವಸರ ಬೇಡ.

ಇನ್ನು ಚಿಕಿತ್ಸೆಗೆ ಓಡಾಡುವ ಮಾತು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರು ಹತ್ತಿರ. ಕೆ.ಆರ್. ಪೇಟೆಯ ಹಳ್ಳಿಗಳಿಂದ ಅದೇ ಪ್ರಯಾಣಕ್ಕೆ ಅರ್ಧ ದಿನ ಹೋಗುತ್ತದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್ ಇದೆ. ಆದರೂ ಅನೇಕರ ದಾರಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಸಾಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಹೆಂಗಸರ ಬಸ್ ಟಿಕೆಟ್ ಉಳಿಸಿದೆ. ಆದರೆ ವರ್ಷಗಟ್ಟಲೆ ಓಡಾಡುವವರಿಗೆ ಜೊತೆಗೆ ಬರುವವರ ಕೂಲಿ ನಷ್ಟ, ದಣಿವು ಉಳಿದೇ ಇವೆ. ಪ್ರತಿ ಕೀಮೋಗೆ ಮುಂಚಿನ ರಕ್ತಪರೀಕ್ಷೆಯನ್ನಾದರೂ ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿಸಿಕೊಂಡು ಬರಬಹುದೇ ಎಂದು ವೈದ್ಯರನ್ನು ಕೇಳಿ.

ಮನೆಯವರು ಮೂರು ಎಚ್ಚರಿಕೆಗಳನ್ನು ಮರೆಯಬಾರದು. ಕೀಮೋ ಆದ ಮೇಲೆ, ಅದರಲ್ಲೂ ಒಂದೆರಡು ವಾರದ ಹೊತ್ತಿಗೆ ಬಿಳಿ ರಕ್ತಕಣ ಕುಸಿದಿರುತ್ತದೆ, 100.4 ಡಿಗ್ರಿ ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಕೀಮೋದಲ್ಲಿ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಪಾದ ಜೋಮು ಹಿಡಿದವರಿಗೆ ಕಬ್ಬಿನ ಕೂಳೆ ಚುಚ್ಚಿದರೂ ತಿಳಿಯದು; ಗದ್ದೆಗೆ ಬರಿಗಾಲಲ್ಲಿ ಇಳಿಯಬೇಡಿ. ಕಾರ್ಬೊಪ್ಲಾಟಿನ್ ಮೊದಲ ಸುತ್ತಿನಲ್ಲಿ ಒಗ್ಗಿದ್ದರೂ ಎರಡನೆಯ ಸುತ್ತಿನಲ್ಲಿ ಅಲರ್ಜಿಯಾಗಬಹುದು. ಡ್ರಿಪ್ ನಡೆಯುವಾಗ ಅಂಗೈ ತುರಿಸಿದರೆ ಸಂಕೋಚಪಡದೆ ಆಗಲೇ ನರ್ಸ್‌ಗೆ ಹೇಳಿ.

ಮರುಕಳಿಸಿದ ಅಂಡಾಶಯದ ಕ್ಯಾನ್ಸರ್ ಪೂರ್ತಿ ಗುಣವಾಗುವುದು ಅಪರೂಪ; ಅದರೊಂದಿಗೆ ವರ್ಷಗಳ ಕಾಲ ಬದುಕಿದವರು ಬಹಳ ಮಂದಿ ಇದ್ದಾರೆ. ನೋವು, ವಾಂತಿ, ಹೊಟ್ಟೆಯಲ್ಲಿ ತುಂಬುವ ನೀರಿಗೆ ಕೊಡುವ ಉಪಶಮನ ಚಿಕಿತ್ಸೆ ಕೊನೆಗಾಲಕ್ಕಷ್ಟೇ ಮೀಸಲಲ್ಲ, ಕೀಮೋ ಜೊತೆಜೊತೆಗೇ ಅದನ್ನು ಕೇಳಿ ಪಡೆಯಿರಿ. ಮುಂದಿನ ಕೀಮೋ ಯಾವಾಗ ಬೇಕು, ಯಾವಾಗ ಬಿಡುವು ಬೇಕು ಎಂಬ ಮಾತುಕತೆ ಆಕೆಯ ಬೆನ್ನಹಿಂದೆ ನಡೆಯದಿರಲಿ. ಆಕೆಯನ್ನೂ ಕೂರಿಸಿಕೊಂಡು, ಆಕೆಯ ಇಷ್ಟವನ್ನು ಮೊದಲು ಕೇಳಿ ತೀರ್ಮಾನಿಸಿ.