ಪುಸ್ತಕ ಮುಚ್ಚಿ ಕೇಳುವ ಪ್ರಶ್ನೆ

ಪ್ರಶ್ನೆ ಕೇಳಿ, ಉತ್ತರ ಹೇಳಿಸಿ ಧರ್ಮ ಕಲಿಸುವ ರೂಢಿ ಉತ್ತರ ಕರ್ನಾಟಕದ ಪ್ರೊಟೆಸ್ಟಂಟ್ ಸಭೆಗಳಲ್ಲಿ ಬೇರೂರಿದ್ದು ಬಾಸೆಲ್ ಮಿಷನ್ನಿನವರ ಕಾಲದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಅವರು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ ತಲುಪಿದರು. ಈ ರೂಢಿಯ ಹಿಂದೆ ಇದ್ದದ್ದು ಮನೆಯ ಯಜಮಾನ ಮನೆಮಂದಿಗೆ ಹೇಳಿಕೊಡಲೆಂದು ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಪುಟ್ಟ ಪ್ರಶ್ನೋತ್ತರಿ.

ಅದೇ ಮಿಷನ್ನಿನ ಕಿಟೆಲ್ ಇನ್ನೊಂದು ದಾರಿ ಹಿಡಿದರು. 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ತಂದರು. ಕನಕದಾಸರ ಬಾಡ, ಶರೀಫರ ಶಿಶುವಿನಹಾಳ ಇರುವ ಈ ಸೀಮೆಯಲ್ಲಿ ಹಾಡಿದ್ದು ಉಳಿಯುತ್ತದೆಂದು ಯಾರಿಗೂ ಹೇಳಿಕೊಡಬೇಕಿಲ್ಲ.

ನೆನಪನ್ನು ಅಳೆಯುವ ಕೆಲಸ ಶುರುವಾದದ್ದು ಆಮೇಲೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿದ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್, ಮರೆವು ಎಷ್ಟು ಬೇಗ ಆವರಿಸುತ್ತದೆಂದು 1885ರಲ್ಲಿ ತೋರಿಸಿದ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳಿಗೆ ಗದ್ಯಭಾಗ ಓದಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ವಾರ ಕಳೆದಾಗ ಅವರಲ್ಲಿ ಉಳಿದದ್ದು ಶೇ 40ರಷ್ಟು. ಒಮ್ಮೆ ಓದಿ, ಮೂರು ಸಲ ನೋಡದೆ ಬರೆದವರಲ್ಲಿ ಶೇ 61. ಶಿಕ್ಷಕರು ಮೋಸಹೋಗುವುದು ಆ ಐದು ನಿಮಿಷದಲ್ಲೇ.

ಹಾಗಾಗಿ ಹಳೆಯ ಪ್ರಶ್ನೋತ್ತರದ ಪದ್ಧತಿಯನ್ನು ಹಳಿಯುವುದು ಸರಿಯಲ್ಲ. ಕೆಟ್ಟದ್ದು ಅದನ್ನು ಬಳಸಿದ ಬಗೆ: ಎಲ್ಲರೂ ಒಟ್ಟಿಗೆ ಉತ್ತರ ಒದರುವುದು, ಮೊದಲ ಪದವನ್ನು ಶಿಕ್ಷಕರೇ ಎತ್ತಿಕೊಡುವುದು, ಕನ್ಫರ್ಮೇಶನ್ ಹತ್ತಿರ ಬಂದಾಗ ಎಲ್ಲವನ್ನೂ ಒಮ್ಮೆಗೇ ತುರುಕುವುದು. ಹದಿನೈದರ ಹುಡುಗ ಹುಡುಗಿಯರಿಗೆ ಬರೀ ಉತ್ತರ ಒಪ್ಪಿಸುವುದು ಸಾಲದು. ಅವರು 'ಯಾಕೆ' ಎನ್ನುವ ವಯಸ್ಸಿನವರು.

ಒಳ್ಳೆಯ ಸಮಾರ್ಯದವನ ಸಾಮ್ಯವನ್ನೇ ನೋಡಿ. ಪಾಠ ಮಾಡಿದ ಮರುವಾರ ಬೈಬಲ್ ಮುಚ್ಚಿಸಿ, ಕಥೆಯನ್ನು ತಮ್ಮ ಮಾತಿನಲ್ಲೇ ಬರೆಯಲು ಹೇಳಬೇಕು. ಆಮೇಲೆ ತೆರೆದು ತಾವೇ ತಿದ್ದಿಕೊಳ್ಳಲಿ. ಮೂರು ವಾರ ಬಿಟ್ಟು ಪ್ರಶ್ನೆ ಬದಲಿಸಿ: ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊತ್ತ ಹಮಾಲನೊಬ್ಬ ಕುಸಿದರೆ, ನೋಡಿಯೂ ದಾಟಿಹೋಗುವ ಯಾಜಕ ಯಾರು, ಲೇವಿಯ ಯಾರು? ನೀನು ಯಾರಾಗುತ್ತೀ? ಕಥೆ ನೆನಪಿಲ್ಲದವರಿಗೆ ಈ ಪ್ರಶ್ನೆ ಎಟುಕದು. ಬರೀ ಬಾಯಿಪಾಠ ಮಾಡಿದವರಿಗೂ ಎಟುಕದು.

ಸಂಡೇ ಸ್ಕೂಲ್ ಶಿಕ್ಷಕರಲ್ಲಿ ಒಂದೇ ಬಿನ್ನಹ. ಮುಂದಿನ ಭಾನುವಾರ ಹೊಸ ಪಾಠ ತೆಗೆಯುವ ಮೊದಲು ಹತ್ತು ನಿಮಿಷ ಹಳೆಯ ಪಾಠಕ್ಕೆ ಕೊಡಿ. ಉತ್ತರ ತಡವಾದರೆ ಕಾಯಿರಿ, ತಪ್ಪಿದರೆ ಗದರದೆ ಅಲ್ಲೇ ತಿದ್ದಿ.