ಕ್ರೋನ್ಸ್ ಕಾಯಿಲೆಯ ಶಸ್ತ್ರಚಿಕಿತ್ಸೆ ಮತ್ತು ಎರಡನೆಯ ಅಭಿಪ್ರಾಯ

ಕ್ರೋನ್ಸ್ ಕಾಯಿಲೆಯು ಜೀರ್ಣಾಂಗಗಳನ್ನು ಬಾಧಿಸುವ ದೀರ್ಘಕಾಲೀನ ಉರಿಯೂತದ ರೋಗವಾಗಿದೆ. ಈ ರೋಗಕ್ಕಾಗಿ ಕರುಳಿನ ಭಾಗವನ್ನು ಕತ್ತರಿಸಿ ತೆಗೆಯಬೇಕೆಂದು ವೈದ್ಯರು ಸಲಹೆ ನೀಡಿದಾಗ, ಒಪ್ಪಿಗೆ ಕೊಡುವ ಮೊದಲು ಮತ್ತೊಬ್ಬ ಅರ್ಹ ತಜ್ಞರಿಂದ ಸ್ವತಂತ್ರವಾಗಿ ಪಡೆಯುವ ಸಲಹೆಯನ್ನು ಎರಡನೆಯ ಅಭಿಪ್ರಾಯ ಎಂದು ಕರೆಯುತ್ತಾರೆ. ತೆಗೆದುಹಾಕಿದ ಕರುಳು ಮತ್ತೆ ಬೆಳೆಯುವುದಿಲ್ಲ; ಆದರೆ ರೋಗವು ಉಳಿದ ಕರುಳಿನಲ್ಲಿ ಮರುಕಳಿಸಬಹುದು. ಭಾರತದಲ್ಲಿ ಕರುಳಿನ ಕ್ಷಯವು ಇದೇ ರೋಗದಂತೆ ಕಾಣಿಸಿಕೊಳ್ಳುವುದರಿಂದ ರೋಗನಿರ್ಣಯವನ್ನೇ ಮರುಪರಿಶೀಲಿಸಬೇಕಾದ ಸಂದರ್ಭಗಳೂ ಇವೆ. ಈ ಕಾರಣಗಳಿಂದ, ತುರ್ತು ಸ್ಥಿತಿಯಲ್ಲದ ರೋಗಿಗಳಿಗೆ ಎರಡನೆಯ ಅಭಿಪ್ರಾಯವು ಹೆಚ್ಚಿನ ಮಹತ್ವ ಪಡೆದಿದೆ.

ಹಿನ್ನೆಲೆ

ಈ ಬಗೆಯ ಕರುಳಿನ ಉರಿಯೂತವನ್ನು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಕೆನಡಿ ಡಾಲ್ಜಿಯಲ್ 1913ರಲ್ಲಿ ವಿವರಿಸಿದ್ದರು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್ ಮತ್ತು ಗಾರ್ಡನ್ ಒಪೆನ್‌ಹೈಮರ್ ಪ್ರಕಟಿಸಿದ ಪ್ರಬಂಧದ ನಂತರ ಇದು ಪ್ರತ್ಯೇಕ ರೋಗವೆಂದು ಮಾನ್ಯತೆ ಪಡೆಯಿತು. ರೋಗವು ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಕಾಣಿಸಿಕೊಳ್ಳಬಹುದಾದರೂ ಸಣ್ಣಕರುಳಿನ ಕೊನೆಯ ಭಾಗವಾದ ಇಲಿಯಮ್ ಮತ್ತು ದೊಡ್ಡಕರುಳಿನ ಆರಂಭದ ಭಾಗವಾದ ಸೀಕಮ್‌ಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಹೊಟ್ಟೆನೋವು, ಭೇದಿ, ಜ್ವರ, ತೂಕ ಇಳಿಯುವುದು ಮತ್ತು ರಕ್ತಹೀನತೆ ಇದರ ಸಾಮಾನ್ಯ ಲಕ್ಷಣಗಳು.

ಉರಿಯೂತವು ಕರುಳಿನ ಗೋಡೆಯ ಎಲ್ಲ ಪದರಗಳನ್ನೂ ವ್ಯಾಪಿಸುತ್ತದೆ. ಕಾಲಕ್ರಮೇಣ ಗೋಡೆ ದಪ್ಪಗಾಗಿ ಕರುಳಿನ ದಾರಿ ಕಿರಿದಾಗಬಹುದು. ಅಥವಾ ಗೋಡೆ ತೂತಾಗಿ ಕೀವು ತುಂಬಿದ ಬಾವು ಉಂಟಾಗಬಹುದು, ಇಲ್ಲವೇ ಫಿಸ್ಟುಲಾ ಎಂಬ ಅಸಹಜ ನಾಳವೊಂದು ಮೂಡಬಹುದು. ಶಸ್ತ್ರಚಿಕಿತ್ಸೆಯ ಸಲಹೆ ಸಾಮಾನ್ಯವಾಗಿ ಬರುವುದು ಈ ತೊಡಕುಗಳು ಕಾಣಿಸಿಕೊಂಡಾಗ ಅಥವಾ ಔಷಧಗಳು ಫಲ ನೀಡದಿದ್ದಾಗ. ಹಿಂದಿನ ದಶಕಗಳ ಅಧ್ಯಯನಗಳ ಪ್ರಕಾರ, ರೋಗನಿರ್ಣಯವಾದ 10 ವರ್ಷಗಳೊಳಗೆ ಸುಮಾರು ಅರ್ಧದಷ್ಟು ರೋಗಿಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತಿತ್ತು. ಹೊಸ ಔಷಧಗಳು ಬಂದ ಮೇಲೆ ಈ ಪ್ರಮಾಣ ತಗ್ಗಿದೆ.

ರೋಗನಿರ್ಣಯದ ಮರುಪರಿಶೀಲನೆ

ಭಾರತದಲ್ಲಿ ಎರಡನೆಯ ತಜ್ಞರು ಉತ್ತರಿಸಬೇಕಾದ ಮೊದಲ ಪ್ರಶ್ನೆ, ರೋಗವು ನಿಜವಾಗಿ ಕ್ರೋನ್ಸ್ ಹೌದೇ ಎಂಬುದು. ಕರುಳಿನ ಕ್ಷಯವೂ ಇಲಿಯಮ್ ಮತ್ತು ಸೀಕಮ್ ಸೇರುವ ಭಾಗವನ್ನೇ ಹೆಚ್ಚಾಗಿ ಹಿಡಿಯುತ್ತದೆ. ಹೊಟ್ಟೆನೋವು, ಜ್ವರ, ತೂಕನಷ್ಟ, ಹುಣ್ಣು ಮತ್ತು ಕರುಳು ಕಿರಿದಾಗುವುದು ಎರಡರಲ್ಲೂ ಸಮಾನ. ಆದರೆ ಚಿಕಿತ್ಸೆಗಳು ಪರಸ್ಪರ ವಿರುದ್ಧ ದಿಕ್ಕಿನವು. ಕ್ಷಯವು ಆರು ತಿಂಗಳ ಔಷಧದಿಂದ ಸಾಮಾನ್ಯವಾಗಿ ಗುಣವಾಗುತ್ತದೆ. ಕ್ರೋನ್ಸ್ ಕಾಯಿಲೆಗೆ ನೀಡುವ ಸ್ಟಿರಾಯ್ಡ್ ಮತ್ತು ಜೈವಿಕ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ, ಕ್ಷಯವಿರುವ ವ್ಯಕ್ತಿಗೆ ಅವನ್ನು ಕೊಟ್ಟರೆ ಸೋಂಕು ದೇಹದ ಇತರ ಭಾಗಗಳಿಗೆ ಹರಡುವ ಅಪಾಯವಿದೆ.

ಎರಡನ್ನೂ ಬೇರ್ಪಡಿಸಲು ಒಂದೇ ಪರೀಕ್ಷೆ ಸಾಲದು. ಕೊಲೊನೊಸ್ಕೋಪಿಯಲ್ಲಿ ತೆಗೆದ ಬಯಾಪ್ಸಿಯಲ್ಲಿ ದೊಡ್ಡದಾದ, ಒಂದಕ್ಕೊಂದು ಕೂಡಿಕೊಂಡ, ನಡುವೆ ಕೊಳೆತ ಗ್ರಾನುಲೋಮಾಗಳು ಕಂಡರೆ ಅದು ಕ್ಷಯದತ್ತ ಬೆರಳು ಮಾಡುತ್ತದೆ; ಚಿಕ್ಕದಾದ, ಬಿಡಿಬಿಡಿಯಾದ ಗ್ರಾನುಲೋಮಾಗಳು ಕ್ರೋನ್ಸ್ ಕಡೆಗೆ ವಾಲುತ್ತವೆ. ಸಿ.ಟಿ. ಚಿತ್ರದಲ್ಲಿ ನಡುಭಾಗ ಕೊಳೆತ ದುಗ್ಧಗ್ರಂಥಿಗಳು ಕ್ಷಯವನ್ನು ಸೂಚಿಸಿದರೆ, ನಡುನಡುವೆ ಆರೋಗ್ಯಕರ ಭಾಗವನ್ನು ಬಿಟ್ಟು ಉದ್ದಕ್ಕೂ ಹರಡಿದ ಉರಿಯೂತವು ಕ್ರೋನ್ಸ್ ಕಾಯಿಲೆಯ ಲಕ್ಷಣವಾಗಿದೆ. ಕ್ಷಯಾಣುವಿನ ಕಲ್ಚರ್ ಮತ್ತು ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗಳು ಧನಾತ್ಮಕವಾದರೆ ಕ್ಷಯ ಖಚಿತ. ಆದರೆ ಕರುಳಿನ ಕ್ಷಯದಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆಯಿರುವುದರಿಂದ ಋಣಾತ್ಮಕ ಫಲಿತಾಂಶ ಬಂದ ಮಾತ್ರಕ್ಕೆ ಕ್ಷಯವಿಲ್ಲವೆಂದು ತೀರ್ಮಾನಿಸಲಾಗದು.

ಸಂದೇಹ ಉಳಿದಾಗ ಭಾರತದ ವೈದ್ಯರು ಮೊದಲು ಕ್ಷಯದ ಔಷಧ ನೀಡಿ, ಎರಡು-ಮೂರು ತಿಂಗಳ ನಂತರ ಮತ್ತೆ ಕೊಲೊನೊಸ್ಕೋಪಿ ಮಾಡುವ ಕ್ರಮವಿದೆ. ಹುಣ್ಣುಗಳು ಮಾಗಿದ್ದರೆ ರೋಗ ಕ್ಷಯವೆಂದೂ, ಹಾಗೆಯೇ ಉಳಿದಿದ್ದರೆ ಕ್ರೋನ್ಸ್ ಆಗಿರುವ ಸಾಧ್ಯತೆ ಹೆಚ್ಚೆಂದೂ ಭಾವಿಸಲಾಗುತ್ತದೆ. ನೋವು ಕಡಿಮೆಯಾದುದಷ್ಟೇ ಇಲ್ಲಿ ಸಾಕ್ಷಿಯಾಗದು. ಹುಣ್ಣು ಮಾಗಿರುವುದನ್ನು ಕಣ್ಣಾರೆ ಕಾಣಬೇಕು. ಕಿರಿದಾದ ಭಾಗವು ಗಾಯದ ಕಲೆಯಂತೆ ಗಟ್ಟಿಯಾಗಿದ್ದರೆ ಕ್ಷಯ ಗುಣವಾದ ಮೇಲೂ ಅಡಚಣೆ ಉಳಿಯಬಹುದು.

ಔಷಧವೋ ಶಸ್ತ್ರಚಿಕಿತ್ಸೆಯೋ

ಎರಡನೆಯ ಅಭಿಪ್ರಾಯದ ಉದ್ದೇಶ ಶಸ್ತ್ರಚಿಕಿತ್ಸೆಯನ್ನು ತಪ್ಪಿಸುವುದು ಎಂಬ ಗ್ರಹಿಕೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅದು ಶಸ್ತ್ರಚಿಕಿತ್ಸೆಯನ್ನು ಇನ್ನೂ ಬೇಗ ಮಾಡಿಸುವುದು ಲೇಸು ಎಂದೂ ಹೇಳಬಹುದು. ನೆದರ್ಲೆಂಡ್ಸ್ ಮತ್ತು ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 143 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಎಲ್ಲರಿಗೂ ಇಲಿಯಮ್‌ನ ಕೊನೆಯ ಭಾಗದಲ್ಲಷ್ಟೇ ಉರಿಯೂತವಿತ್ತು, ಸಾಂಪ್ರದಾಯಿಕ ಔಷಧಗಳು ಫಲ ನೀಡಿರಲಿಲ್ಲ. ಒಂದು ಗುಂಪಿಗೆ ಲ್ಯಾಪರೋಸ್ಕೋಪಿಕ್ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಜೈವಿಕ ಔಷಧ ನೀಡಲಾಯಿತು. ಒಂದು ವರ್ಷದ ಬಳಿಕ ಎರಡೂ ಗುಂಪಿನವರ ಜೀವನದ ಗುಣಮಟ್ಟ ಹೆಚ್ಚುಕಡಿಮೆ ಒಂದೇ ಆಗಿತ್ತು. ಸುಮಾರು ಐದು ವರ್ಷಗಳ ಅನುಸರಣೆಯಲ್ಲಿ ಔಷಧ ಪಡೆದವರ ಪೈಕಿ ಸುಮಾರು ಅರ್ಧದಷ್ಟು ಜನರು ಕೊನೆಗೆ ಶಸ್ತ್ರಚಿಕಿತ್ಸೆಗೆ ಒಳಗಾದರು.

ಕರುಳು ಕಿರಿದಾಗಿರುವಾಗ ನಿರ್ಧಾರವು ಅದರ ಸ್ವರೂಪವನ್ನು ಅವಲಂಬಿಸುತ್ತದೆ. ಉರಿಯೂತದಿಂದ ಊದಿಕೊಂಡು ಕಿರಿದಾದ ಭಾಗ ಔಷಧಕ್ಕೆ ಸ್ಪಂದಿಸಬಹುದು. ಗಟ್ಟಿಗಟ್ಟಿದ ಭಾಗ ಸ್ಪಂದಿಸುವುದು ಕಡಿಮೆ. ಸುಮಾರು 5 ಸೆಂಟಿಮೀಟರಿಗಿಂತ ಕಡಿಮೆ ಉದ್ದದ, ಎಂಡೋಸ್ಕೋಪ್ ತಲುಪಬಹುದಾದ ಕಿರಿದಾದ ಭಾಗವನ್ನು ಬಲೂನಿನಿಂದ ಹಿಗ್ಗಿಸುವ ಆಯ್ಕೆಯೂ ಇದೆ.

ಎಷ್ಟು ಕರುಳನ್ನು ತೆಗೆಯಬೇಕು

ರೋಗದ ಅಂಚಿನಾಚೆಗೆ ಹೆಚ್ಚು ಕರುಳನ್ನು ತೆಗೆದರೆ ರೋಗ ಮರುಕಳಿಸುವುದಿಲ್ಲವೆಂದು ಹಿಂದೆ ನಂಬಲಾಗಿತ್ತು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಶಸ್ತ್ರವೈದ್ಯರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಸೆಂಟಿಮೀಟರ್ ಮತ್ತು 12 ಸೆಂಟಿಮೀಟರ್ ಅಂಚುಗಳನ್ನು ಹೋಲಿಸಿದಾಗ ಮರುಕಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದರಿಂದ, ಅಗತ್ಯವಿರುವಷ್ಟನ್ನೇ ತೆಗೆದು ಉಳಿದುದನ್ನು ಕಾಪಾಡುವ ನೀತಿ ಬಲಗೊಂಡಿತು.

ಕಿರಿದಾದ ಭಾಗವನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದು ದಾರಿಯನ್ನು ಅಗಲಗೊಳಿಸುವ ಸ್ಟ್ರಿಕ್ಚರೊಪ್ಲಾಸ್ಟಿಯಲ್ಲಿ ಕರುಳನ್ನು ತೆಗೆಯಬೇಕಾಗುವುದೇ ಇಲ್ಲ. ಈ ವಿಧಾನದ ಇತಿಹಾಸದಲ್ಲಿ ಭಾರತಕ್ಕೆ ವಿಶೇಷ ಸ್ಥಾನವಿದೆ. ಆರ್. ಎನ್. ಕಟಾರಿಯಾ ಮತ್ತು ಅವರ ಸಹೋದ್ಯೋಗಿಗಳು ಕ್ಷಯದಿಂದ ಕಿರಿದಾದ ಕರುಳಿಗೆ ಇದನ್ನು ಬಳಸಿ 1977ರಲ್ಲಿ ವರದಿ ಮಾಡಿದ್ದರು. 1982ರಲ್ಲಿ ಇಮ್ಯಾನುಯೆಲ್ ಲೀ ಮತ್ತು ಪಾಪಾಯೊಆನ್ನೂ ಇದನ್ನು ಕ್ರೋನ್ಸ್ ಕಾಯಿಲೆಗೆ ಅನ್ವಯಿಸಿದ ವರದಿಯನ್ನು ಪ್ರಕಟಿಸಿದರು.

ಸಣ್ಣಕರುಳು ಸುಮಾರು 200 ಸೆಂಟಿಮೀಟರಿಗಿಂತ ಕಡಿಮೆ ಉಳಿದರೆ ಆಹಾರದ ಸತ್ವ ಮತ್ತು ನೀರನ್ನು ಸಾಕಷ್ಟು ಹೀರಿಕೊಳ್ಳಲಾಗದ ಅಲ್ಪಕರುಳಿನ ಸ್ಥಿತಿ ಉಂಟಾಗಬಹುದು. ಇಲಿಯಮ್‌ನ ಕೊನೆಯ ಭಾಗವನ್ನು ತೆಗೆದಾಗ ಬಿ12 ಜೀವಸತ್ವದ ಕೊರತೆ ಮತ್ತು ಪಿತ್ತರಸದ ಆಮ್ಲಗಳಿಂದಾಗುವ ಭೇದಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಎಷ್ಟು ಉದ್ದ ತೆಗೆಯಲಾಗುತ್ತದೆ, ಎಷ್ಟು ಉಳಿಯುತ್ತದೆ, ಮಲವನ್ನು ಹೊಟ್ಟೆಯ ಮೇಲಿನ ಚೀಲಕ್ಕೆ ಹರಿಸುವ ಸ್ಟೋಮಾ ಬೇಕಾದೀತೇ, ಬೇಕಾದರೆ ಅದು ತಾತ್ಕಾಲಿಕವೇ ಎಂಬ ಪ್ರಶ್ನೆಗಳಿಗೆ ರೋಗಿಗೆ ಮುಂಚಿತವಾಗಿಯೇ ಉತ್ತರ ದೊರೆಯಬೇಕು.

ಸಮಯ ಮತ್ತು ಸಿದ್ಧತೆ

ಶಸ್ತ್ರಚಿಕಿತ್ಸೆ ಬೇಕೇಬೇಕೆಂದು ಇಬ್ಬರು ತಜ್ಞರೂ ಒಪ್ಪಿದಾಗಲೂ ಯಾವಾಗ ಎಂಬ ವಿಚಾರದಲ್ಲಿ ಎರಡನೆಯ ಅಭಿಪ್ರಾಯ ಉಪಯುಕ್ತವಾಗಬಹುದು. ಪೋಷಣೆಯ ಕೊರತೆ, ರಕ್ತಹೀನತೆ, ಬರಿದಾಗದ ಬಾವು, ಧೂಮಪಾನ ಮತ್ತು ಸ್ಟಿರಾಯ್ಡ್ ಬಳಕೆ ಶಸ್ತ್ರಚಿಕಿತ್ಸೆಯ ತೊಡಕುಗಳನ್ನು ಹೆಚ್ಚಿಸುತ್ತವೆ. ಆರು ವಾರಗಳಿಗಿಂತ ಹೆಚ್ಚು ಕಾಲ ದಿನಕ್ಕೆ 20 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೊಲೋನ್ ಸೇವಿಸಿದವರಲ್ಲಿ ಈ ಅಪಾಯ ಗಣನೀಯ. ದೊಡ್ಡ ಬಾವಿನ ಕೀವನ್ನು ಸ್ಕ್ಯಾನ್ ನೆರವಿನಿಂದ ಸೂಜಿ ಅಥವಾ ನಳಿಕೆಯ ಮೂಲಕ ಹೊರತೆಗೆದು, ಆಂಟಿಬಯೋಟಿಕ್ ಮತ್ತು ಪೌಷ್ಟಿಕ ಆಹಾರ ನೀಡಿ, ಕೆಲವು ವಾರಗಳ ಬಳಿಕ ಶಸ್ತ್ರಚಿಕಿತ್ಸೆ ಮಾಡಿದರೆ ಸ್ಟೋಮಾದ ಅಗತ್ಯ ತಪ್ಪುವ ಸಾಧ್ಯತೆ ಹೆಚ್ಚು. ಸ್ಟಿರಾಯ್ಡನ್ನು ರೋಗಿ ತಾನಾಗಿಯೇ ಒಮ್ಮೆಲೇ ನಿಲ್ಲಿಸುವುದು ಅಪಾಯಕಾರಿ. ವೈದ್ಯರ ಸೂಚನೆಯಂತೆ ಹಂತಹಂತವಾಗಿ ಇಳಿಸಬೇಕು.

ಕಾಯಬಾರದ ಸಂದರ್ಭಗಳು

ಕರುಳು ತೂತಾಗಿ ಹೊಟ್ಟೆಯೊಳಗೆ ಸೋಂಕು ಹರಡಿದಾಗ, ಕರುಳು ಸಂಪೂರ್ಣ ಕಟ್ಟಿಕೊಂಡಾಗ, ನಿಲ್ಲದ ರಕ್ತಸ್ರಾವವಿದ್ದಾಗ, ದೊಡ್ಡಕರುಳು ವಿಷಮವಾಗಿ ಉಬ್ಬಿದಾಗ ಎರಡನೆಯ ಅಭಿಪ್ರಾಯಕ್ಕಾಗಿ ಊರೂರು ಅಲೆಯುವುದು ಜೀವಕ್ಕೆ ಎರವಾಗಬಹುದು. ಹೊಟ್ಟೆ ಹಲಗೆಯಂತೆ ಬಿಗಿಯಾಗುವುದು, ಬಿಡದೆ ಹೆಚ್ಚುವ ನೋವು, ಹಸಿರು ಪಿತ್ತದ ವಾಂತಿ, ಮಲ ಮತ್ತು ಗಾಳಿ ಎರಡೂ ನಿಂತುಹೋಗುವುದು, ನಡುಕದೊಂದಿಗೆ ಜ್ವರ, ನಾಡಿಬಡಿತ ಏರಿ ರಕ್ತದೊತ್ತಡ ಕುಸಿಯುವುದು ಇಂತಹ ಸ್ಥಿತಿಯ ಸೂಚನೆಗಳು. ಆಗ ಹತ್ತಿರದ ಶಸ್ತ್ರಚಿಕಿತ್ಸಾ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಕೂಡಲೇ ಚಿಕಿತ್ಸೆ ಪಡೆಯಬೇಕು.

ಅಗತ್ಯ ದಾಖಲೆಗಳು

ಎರಡನೆಯ ತಜ್ಞರು ಮೊದಲ ವೈದ್ಯರ ವರದಿಯ ಸಾರಾಂಶವನ್ನಷ್ಟೇ ಓದಿದರೆ ಅದು ಸ್ವತಂತ್ರ ಅಭಿಪ್ರಾಯವಾಗುವುದಿಲ್ಲ. ಮೂಲ ಸಾಮಗ್ರಿಯನ್ನು ಅವರು ನೋಡಬೇಕು. ಅದಕ್ಕಾಗಿ ಒಯ್ಯಬೇಕಾದವು:

• ಕೊಲೊನೊಸ್ಕೋಪಿಯ ವರದಿ ಮತ್ತು ಬಣ್ಣದ ಚಿತ್ರಗಳು
• ಬಯಾಪ್ಸಿಯ ವರದಿ, ಜೊತೆಗೆ ಗಾಜಿನ ಸ್ಲೈಡುಗಳು ಮತ್ತು ಮೇಣದ ಬ್ಲಾಕುಗಳು
• ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರಗಳ ಸಿ.ಡಿ.; ಮುದ್ರಿತ ವರದಿಯೊಂದೇ ಸಾಲದು
• ಕ್ಷಯಕ್ಕೆ ಮಾಡಿದ ಎಲ್ಲ ಪರೀಕ್ಷೆಗಳ ಫಲಿತಾಂಶ ಮತ್ತು ಎದೆಯ ಎಕ್ಸ್-ರೇ
• ಈವರೆಗೆ ತೆಗೆದುಕೊಂಡ ಔಷಧಗಳ ಹೆಸರು, ಪ್ರಮಾಣ, ಅವಧಿ ಮತ್ತು ಪರಿಣಾಮ
• ಹಿಂದಿನ ಶಸ್ತ್ರಚಿಕಿತ್ಸೆಗಳ ಟಿಪ್ಪಣಿ ಮತ್ತು ಬಿಡುಗಡೆ ಪತ್ರ

ಹಕ್ಕು ಮತ್ತು ಕಾನೂನು

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಎರಡನೆಯ ಅಭಿಪ್ರಾಯ ಪಡೆಯುವ ಹಕ್ಕನ್ನು ಪ್ರತ್ಯೇಕವಾಗಿ ಹೆಸರಿಸಲಾಗಿದೆ. ಅದಕ್ಕೆ ಬೇಕಾದ ದಾಖಲೆಗಳನ್ನು ಆಸ್ಪತ್ರೆಯು ಹೆಚ್ಚುವರಿ ವೆಚ್ಚ ಮತ್ತು ವಿಳಂಬವಿಲ್ಲದೆ ಒದಗಿಸಬೇಕೆಂದು ಸನ್ನದು ಹೇಳುತ್ತದೆ. ಇದನ್ನು ಅಳವಡಿಸಿಕೊಳ್ಳುವಂತೆ ಕೇಂದ್ರ ಆರೋಗ್ಯ ಸಚಿವಾಲಯವು 2019ರಲ್ಲಿ ರಾಜ್ಯಗಳಿಗೆ ತಿಳಿಸಿತು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ನೀಡಿದ ತೀರ್ಪಿನಂತೆ, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಶಸ್ತ್ರಚಿಕಿತ್ಸೆಗೂ ಕೊಟ್ಟ ಒಪ್ಪಿಗೆಯೆಂದು ಪರಿಗಣಿಸಲಾಗದು. ಚಿಕಿತ್ಸೆಯ ಸ್ವರೂಪ, ಅಪಾಯ ಮತ್ತು ಪರ್ಯಾಯಗಳನ್ನು ರೋಗಿಗೆ ಸಾಕಷ್ಟು ತಿಳಿಸಿರಬೇಕು.

ಧಾರವಾಡ ಪ್ರದೇಶದಲ್ಲಿ

ಧಾರವಾಡ–ಸವದತ್ತಿ ರಸ್ತೆಯಲ್ಲಿರುವ ಅಮ್ಮಿನಬಾವಿಯಂತಹ ಗ್ರಾಮದ ರೋಗಿಗೆ ಎರಡನೆಯ ಅಭಿಪ್ರಾಯವೆಂದರೆ ಸಾಮಾನ್ಯವಾಗಿ ಊರು ಬಿಟ್ಟು ಮತ್ತೊಂದು ಪ್ರಯಾಣ. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ, 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಆರಂಭವಾಗಿ ಕಿಮ್ಸ್ ಎಂದು ಹೆಸರಾದ ಸರ್ಕಾರಿ ಸಂಸ್ಥೆಯ ಆಸ್ಪತ್ರೆಯಿದೆ. ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ-ಕರುಳಿನ ರೋಗಗಳಿಗೆ ಮೀಸಲಾದ ಸರ್ಕಾರಿ ಸಂಸ್ಥೆ ಇವೆ.

ಬಿತ್ತನೆ ಅಥವಾ ಸುಗ್ಗಿಯ ಕಾಲದಲ್ಲಿ ರೋಗಿಯೊಂದಿಗೆ ಮತ್ತೊಬ್ಬರು ಹೊರಟರೆ ಮನೆಯ ಎರಡು ಜನರ ದುಡಿಮೆ ನಿಲ್ಲುತ್ತದೆ. ಹೀಗಾಗಿ ಸ್ಲೈಡು, ಸಿ.ಡಿ. ಎಲ್ಲವನ್ನೂ ಮೊದಲೇ ಸಂಗ್ರಹಿಸಿಕೊಂಡು ಒಂದೇ ಭೇಟಿಯಲ್ಲಿ ಕೆಲಸ ಪೂರೈಸುವುದು, ಪರೀಕ್ಷೆಗಳು ಪುನರಾವರ್ತನೆಯಾಗುವುದನ್ನು ತಪ್ಪಿಸುವುದು ಮುಖ್ಯ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಖಾಸಗಿ ಆಸ್ಪತ್ರೆಗೆ ಹೋಗಲು ಹಲವು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಕೇಂದ್ರ ಸರ್ಕಾರದ ಇ-ಸಂಜೀವಿನಿ ವ್ಯವಸ್ಥೆಯಲ್ಲಿ ದೂರದಿಂದಲೇ ವೈದ್ಯರ ಸಲಹೆ ಪಡೆಯಬಹುದಾದರೂ, ಹೊಟ್ಟೆಯನ್ನು ಮುಟ್ಟಿ ಪರೀಕ್ಷಿಸಿ ಶಸ್ತ್ರಚಿಕಿತ್ಸೆಯನ್ನು ನಿರ್ಧರಿಸುವ ಭೇಟಿಗೆ ಅದು ಬದಲಿಯಲ್ಲ.

ಅಭಿಪ್ರಾಯಗಳು ಭಿನ್ನವಾದಾಗ

ಇಬ್ಬರು ತಜ್ಞರ ಸಲಹೆ ಬೇರೆಬೇರೆಯಾದರೆ ಒಬ್ಬರು ತಪ್ಪೆಂದು ಅರ್ಥವಲ್ಲ. ಮೊದಲು ಭಿನ್ನತೆ ಎಲ್ಲಿದೆ ಎಂಬುದನ್ನು ಗುರುತಿಸಬೇಕು: ಅದು ರೋಗದ ಹೆಸರಿನಲ್ಲಿಯೋ, ಸ್ಕ್ಯಾನ್ ಓದಿದ ರೀತಿಯಲ್ಲಿಯೋ, ಅಪಾಯವನ್ನು ಅಳೆದ ಬಗೆಯಲ್ಲಿಯೋ, ಸಮಯದಲ್ಲಿಯೋ. ರೋಗದ ಹೆಸರಿನಲ್ಲೇ ಭಿನ್ನತೆಯಿದ್ದರೆ ಬಯಾಪ್ಸಿಯ ಮರುಪರಿಶೀಲನೆ ಅಥವಾ ಹೊಸ ಬಯಾಪ್ಸಿ ಬೇಕಾಗಬಹುದು. ಉಳಿದ ವಿಷಯಗಳಲ್ಲಿ ಜಠರ-ಕರುಳಿನ ತಜ್ಞರು, ಶಸ್ತ್ರವೈದ್ಯರು, ರೇಡಿಯಾಲಜಿಸ್ಟ್ ಮತ್ತು ಪೆಥಾಲಜಿಸ್ಟ್ ಒಟ್ಟಾಗಿ ಚರ್ಚಿಸುವುದು ಉತ್ತಮ ಕ್ರಮ. ತನಗೆ ಬೇಕಾದ ಉತ್ತರ ದೊರೆಯುವವರೆಗೆ ವೈದ್ಯರನ್ನು ಬದಲಿಸುತ್ತಾ ಹೋದರೆ ಚಿಕಿತ್ಸೆಗೆ ಅನುಕೂಲವಾದ ಕಾಲ ಕಳೆದುಹೋಗುವ ಸಾಧ್ಯತೆಯಿದೆ.

ಶಸ್ತ್ರಚಿಕಿತ್ಸೆಯ ನಂತರ

ಶಸ್ತ್ರಚಿಕಿತ್ಸೆಯಿಂದ ಕ್ರೋನ್ಸ್ ಕಾಯಿಲೆ ಸಂಪೂರ್ಣ ವಾಸಿಯಾಗುವುದಿಲ್ಲ. ಕರುಳನ್ನು ಜೋಡಿಸಿದ ಜಾಗದಲ್ಲಿ, ರೋಗಿಗೆ ಯಾವುದೇ ತೊಂದರೆ ಕಾಣಿಸುವ ಮೊದಲೇ, ಹುಣ್ಣುಗಳು ಮರಳಬಹುದು. ಆದ್ದರಿಂದ 6ರಿಂದ 12 ತಿಂಗಳೊಳಗೆ ಕೊಲೊನೊಸ್ಕೋಪಿ ಮಾಡಿಸುವಂತೆ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಧೂಮಪಾನ ತ್ಯಜಿಸುವುದು ಮರುಕಳಿಕೆಯನ್ನು ಕಡಿಮೆ ಮಾಡುತ್ತದೆ. ಅಪಾಯ ಹೆಚ್ಚಿರುವವರಿಗೆ ತಡೆಗಟ್ಟುವ ಔಷಧಗಳನ್ನು ಬೇಗನೆ ಆರಂಭಿಸಲಾಗುತ್ತದೆ. ತೆಗೆದ ಕರುಳಿನ ಭಾಗದ ಬಯಾಪ್ಸಿ ವರದಿಯನ್ನು ತಪ್ಪದೆ ಪಡೆದು ಕಾಪಾಡಿಕೊಳ್ಳಬೇಕು. ರೋಗ ಕ್ರೋನ್ಸೋ ಕ್ಷಯವೋ ಎಂಬ ಪ್ರಶ್ನೆಗೆ ಕೆಲವೊಮ್ಮೆ ಖಚಿತ ಉತ್ತರ ದೊರೆಯುವುದು ಆ ವರದಿಯಲ್ಲೇ.